ಸಿ-೪೭ ಎಂಬ ಫೈಲು

ಕಳಸ
೧೦ ನವೆಂಬರ್ ೨೦೨೫

ಜುಬೇರ್ ಅವರಿಗೆ,

ಹೋದ ತಿಂಗಳು ಮೂಡಿಗೆರೆಯ ನಿಮ್ಮ ಅಂಗಡಿಗೆ ಬಸ್ಸಿನಲ್ಲಿ ಕಂಪ್ಯೂಟರ್ ಹೊತ್ತು ತಂದ ಮುದುಕ ನಾನು. ಹೆಸರು ಜನಾರ್ದನ, ನಿವೃತ್ತ ಕನ್ನಡ ಮೇಷ್ಟ್ರು. "ಹಳೇ ಸಿಸ್ಟಮ್ ಇನ್ನು ನಡೆಯಲ್ಲ ಸಾರ್, ಹೊಸದು ಹಾಕಿಸ್ಕೊಂಬಿಡಿ" ಎಂದಿರಿ. ಹಾಕಿಸಿಕೊಂಡೆ. ಅಂದಿನಿಂದ ನನಗೆ ನೆಮ್ಮದಿಯಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಮೂರು ಸಲ ಮಾಡಿದಾಗಲೂ "ರೀಸ್ಟಾರ್ಟ್ ಮಾಡಿ ನೋಡಿ ಸಾರ್" ಎಂದು ಇಟ್ಟುಬಿಟ್ಟಿರಿ. ಇಮೇಲ್ ಬರೆಯೋಣವೆಂದರೆ, ನಾನು ಬರೆದದ್ದನ್ನು ಈ ಯಂತ್ರ ಯಾರ್‍ಯಾರಿಗೆ ಓದಿ ಹೇಳುತ್ತಿದೆಯೋ ಗೊತ್ತಿಲ್ಲ. ಆದ್ದರಿಂದ ಕೈಬರಹ. ಲಕೋಟೆಗೆ ಅಂಟು ಎರಡು ಸಲ ಹಚ್ಚಿದ್ದೇನೆ, ಕಿತ್ತು ಅಂಟಿಸಿದರೆ ಗೊತ್ತಾಗುತ್ತದೆ.

ಬೆಳಿಗ್ಗೆ ಗುಂಡಿ ಒತ್ತಿದರೆ ಅದು "ಸ್ವಾಗತ, ಜುಬೇರ್" ಎನ್ನುತ್ತದೆ. ನನ್ನ ಮನೆ, ನನ್ನ ಮೇಜು, ನನ್ನ ಕರೆಂಟು, ಸ್ವಾಗತ ಮಾತ್ರ ನಿಮಗೆ. ಮೂಲೆಯಲ್ಲಿರುತ್ತಿದ್ದ ಸ್ಟಾರ್ಟ್ ಗುಂಡಿ ನಡುಮಧ್ಯೆ ಬಂದು ಕೂತಿದೆ. ಪ್ರಿಂಟರಿನ ಗುರುತೇ ಇಲ್ಲ ಎನ್ನುತ್ತದೆ, ಇಬ್ಬರೂ ಹತ್ತು ವರ್ಷ ಒಟ್ಟಿಗೆ ಕೆಲಸ ಮಾಡಿದವರು. ಒಂದು ಪುಟ ಬರೆಯುವಷ್ಟರಲ್ಲಿ "ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ" ಎಂದು ಅರ್ಧ ಗಂಟೆ ಸುಮ್ಮನೆ ಕೂರಿಸುತ್ತದೆ. ಆಫ್ ಮಾಡಿದರೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಪರದೆಯ ನೆತ್ತಿಯಲ್ಲಿ ಕ್ಯಾಮೆರಾ ಕಣ್ಣಿದೆಯಲ್ಲ, ಅದರ ಮೇಲೆ ನನ್ನ ಹೆಂಡತಿ ಅಂಬುಜಾಳ ಸ್ಟಿಕರ್ ಬೊಟ್ಟು ಅಂಟಿಸಿದ್ದೇನೆ.

ಇದನ್ನೆಲ್ಲ ಸಹಿಸಬಹುದಿತ್ತು. ಆದರೆ ನಾನು ಆರು ವರ್ಷದಿಂದ ಬರೆಯುತ್ತಿರುವ ಪುಸ್ತಕ, ಕುದುರೆಮುಖ ಟೌನ್‌ಶಿಪ್‌ನ ನೆನಪುಗಳು, ನೂರಾ ಹನ್ನೆರಡು ಪುಟ, ತೆರೆದರೆ ಒಂದಕ್ಷರ ಕನ್ನಡವಿಲ್ಲ. ತಲೆಯ ಮೇಲೆ ಚುಕ್ಕೆ, ಗೀಟು, ಟೋಪಿ ಇಟ್ಟುಕೊಂಡ ಯಾವುದೋ ಪರದೇಶದ ಅಕ್ಷರಗಳು, ನಡುನಡುವೆ ಪೌಂಡಿನ ಗುರುತು. ನನ್ನ ಪುಸ್ತಕ ನನಗೇ ಓದಲಾಗುತ್ತಿಲ್ಲ.

ಇನ್ನೊಂದು ವಿಷಯ. ನನ್ನ ಡೆಸ್ಕ್‌ಟಾಪಿನ ಮೇಲೆ ನನ್ನದಲ್ಲದ ಫೈಲುಗಳು ಬಂದು ಕೂತಿವೆ. ಪಂಪ್‌ಸೆಟ್ಟಿನ ಫೋಟೋ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಅಳತೆಗಳು, ಒಂದು ಮದುವೆಯ ಗುಂಪು ಚಿತ್ರ. ಚಿತ್ರ ನೋಡಿದ ಕೂಡಲೇ ಇದು ಗೋಣಿಬೀಡಿನ ಮೆಕ್ಯಾನಿಕ್ ಯಾಕೂಬ್‌ರದ್ದು ಎಂದು ತಿಳಿಯಿತು. ಒಂದು ಕಾಲಕ್ಕೆ ಟೌನ್‌ಶಿಪ್‌ನಲ್ಲಿ ನನ್ನ ಪಕ್ಕದ ಮನೆಯವರು, ಈಗ ಹದಿನೆಂಟು ವರ್ಷದಿಂದ ಮಾತಿಲ್ಲ. ವಿಚಾರಿಸಿದಾಗ ನೀವು ಅವರ ತಮ್ಮನ ಮಗ ಎಂದು ಗೊತ್ತಾಯಿತು. ಮೊದಲೇ ಗೊತ್ತಿದ್ದರೆ ಚಿಕ್ಕಮಗಳೂರಿಗೇ ಹೋಗುತ್ತಿದ್ದೆ.

ಆ ಫೈಲುಗಳಲ್ಲಿ ಒಂದರ ಹೆಸರು ಸಿ-೪೭. ಅದು ನಾನಿದ್ದ ಕ್ವಾರ್ಟರ್ಸಿನ ನಂಬರು. ಅವರದ್ದು ಸಿ-೪೬. ನನ್ನ ಮನೆಯ ನಂಬರಿನ ಫೈಲು ಅವರ ಹತ್ತಿರ ಏಕಿದೆ, ಅದು ನನ್ನ ಯಂತ್ರಕ್ಕೆ ಹೇಗೆ ಬಂತು, ನನ್ನ ಪುಸ್ತಕ ಈಗ ಎಲ್ಲೆಲ್ಲಿ ತಿರುಗುತ್ತಿದೆ? ಬರವಣಿಗೆಯಲ್ಲೇ ಉತ್ತರ ಬೇಕು.

ಇತಿ,
ಜನಾರ್ದನ


ಮೂಡಿಗೆರೆ
17-11-2025

ಮೇಷ್ಟ್ರಿಗೆ ನಮಸ್ಕಾರ,

ಸಾರ್, ಕಾಗದ ಬರೆದು ರೂಢಿ ಇಲ್ಲ. ತಪ್ಪಿದ್ದರೆ ಕೆಂಪು ಪೆನ್ನಲ್ಲಿ ತಿದ್ದಿಕೊಳ್ಳಿ.

ತಪ್ಪು ನನ್ನದೇ. ಕಂಪ್ಯೂಟರ್ ರೆಡಿ ಮಾಡುವಾಗ ಒಂದು ಇಮೇಲ್ ಕೇಳುತ್ತದೆ. ನಮ್ಮ ಕಡೆ ಗಿರಾಕಿಗಳು ಇಮೇಲ್ ಮಾಡಿಸಿಕೊಂಡು ಹೋಗಿ, ಪಾಸ್‌ವರ್ಡ್ ಮರೆತು, ನಾಲ್ಕನೇ ದಿನಕ್ಕೆ ವಾಪಸ್ ಬರುತ್ತಾರೆ. ಅದಕ್ಕೇ ಎಲ್ಲರಿಗೂ ನಮ್ಮ ಅಂಗಡಿಯ ಇಮೇಲನ್ನೇ ಹಾಕಿಕೊಡುವುದು. ಹಳೆಯ ಸಿಸ್ಟಮ್‌ನಲ್ಲಿ ಇದರಿಂದ ಏನೂ ಆಗುತ್ತಿರಲಿಲ್ಲ. ಹೊಸದು ಮಾತ್ರ, ಕೇಳದೆಯೇ, ಡೆಸ್ಕ್‌ಟಾಪಿನಲ್ಲಿರುವುದನ್ನೆಲ್ಲ ಆ ಇಮೇಲಿನ ಖಾತೆಗೆ ಕಳಿಸಿ, ಅದೇ ಇಮೇಲ್ ಇರುವ ಇನ್ನೊಂದು ಕಂಪ್ಯೂಟರಿಗೂ ಇಳಿಸುತ್ತದೆ. ನಾನು ಹೊಸ ಸಿಸ್ಟಮ್ ಹಾಕಿದ್ದು ಇಲ್ಲಿಯವರೆಗೆ ಎರಡಕ್ಕೇ. ಒಂದು ನಿಮ್ಮದು, ಇನ್ನೊಂದು ಯಾಕೂಬ್ ದೊಡ್ಡಪ್ಪಂದು. ನಿಮ್ಮದು ಅವರಿಗೂ ಕಾಣುತ್ತದೆ. ಒಬ್ಬರು ಅಳಿಸಿದರೆ ಇಬ್ಬರದ್ದೂ ಹೋಗುತ್ತದೆ, ಜೋಪಾನ.

ಅಕ್ಷರ ಕೆಟ್ಟಿರುವುದು ಹಳೆಯ ಕನ್ನಡ ಫಾಂಟ್ ಅಳಿಸಿಹೋಗಿದ್ದರಿಂದ. ಕಂಪ್ಯೂಟರ್ ಒಂದು ಸಲ ತಂದುಕೊಡಿ, ಅಕ್ಷರ ಸರಿಮಾಡಿ, ನಿಮ್ಮದು ಅವರದ್ದು ಬೇರೆ ಬೇರೆ ಮಾಡಿಕೊಡುತ್ತೇನೆ. ದುಡ್ಡು ಬೇಡ.

ಜುಬೇರ್


ಕಳಸ
೨೪ ನವೆಂಬರ್ ೨೦೨೫

ಶ್ರೀ ಯಾಕೂಬ್ ಅವರಿಗೆ,

ತಾವು ಕ್ಷೇಮವೆಂದು ಭಾವಿಸುತ್ತೇನೆ. ನಾನು ಕ್ಷೇಮವಾಗಿಲ್ಲ, ಕಾರಣ ತಮಗೆ ತಿಳಿದಿದೆ.

ತಮ್ಮ ತಮ್ಮನ ಮಗ ನನಗೊಂದು ಕಥೆ ಬರೆದು ಕಳಿಸಿದ್ದಾನೆ. ಇಮೇಲ್ ಒಂದೇ ಆದದ್ದರಿಂದ ತಮ್ಮ ಫೈಲು ನನಗೆ, ನನ್ನ ಫೈಲು ತಮಗೆ, ತಾನಾಗಿಯೇ ಹೋಗಿ ಬರುತ್ತಿವೆಯಂತೆ. ಕಂಪ್ಯೂಟರ್ ತಾನಾಗಿ ಏನೂ ಮಾಡುವುದಿಲ್ಲ, ಯಾರಾದರೂ ಹೇಳಿದ್ದನ್ನೇ ಮಾಡುತ್ತದೆ ಎಂದು ನನಗೆ ಮೊದಲು ಹೇಳಿಕೊಟ್ಟವರು ತಾವು. ಕಂಪನಿಯ ಸ್ಟೋರ್ಸಿನಲ್ಲಿ, ೧೯೯೮ರಲ್ಲಿ. ಈಗ ಆ ಮಾತು ಸುಳ್ಳಾಯಿತೇ?

ಯಂತ್ರ ತಂದುಕೊಡಿ, ಸರಿಮಾಡುತ್ತೇನೆ ಎಂದೂ ಬರೆದಿದ್ದಾನೆ. ಕೊಡುವುದಿಲ್ಲ. ಕೊಟ್ಟರೆ ಮೊದಲು ಮಾಯವಾಗುವ ಫೈಲು ಯಾವುದೆಂದು ಊಹಿಸಲಾರದಷ್ಟು ದಡ್ಡ ನಾನಲ್ಲ.

ಸುತ್ತಿ ಬಳಸದೆ ಕೇಳುತ್ತೇನೆ. ೨೦೦೭ರ ಆಗಸ್ಟಿನಲ್ಲಿ ನನ್ನ ಕ್ವಾರ್ಟರ್ಸಿನ ಬಾಗಿಲಿಗೆ, ನನ್ನ ವಿದ್ಯಾರ್ಥಿಗಳ ಕಣ್ಣೆದುರಿಗೆ, ಹದಿನೈದು ದಿನದಲ್ಲಿ ಖಾಲಿ ಮಾಡಿ ಎಂಬ ನೋಟೀಸು ಅಂಟಿಸಿದರು. ಗಣಿ ನಿಂತು ಊರು ಬರಿದಾಗುತ್ತಿದ್ದ ಕಾಲ. ಆದರೂ ಶಾಲೆ ಇರುವತನಕ ಇರುತ್ತೇನೆ ಎಂದು ನಾನು ಇದ್ದೆ. ಯಾರೋ ಒಬ್ಬರು ಮೂಗರ್ಜಿ ಹಾಕಿದ್ದರು. ನನಗೆ ಕಳಸದಲ್ಲಿ ಸ್ವಂತ ಮನೆ ಇರುವ ಸಂಗತಿ ಅದರಲ್ಲಿತ್ತಂತೆ. ಆ ಮನೆಯ ವಿಷಯ ಟೌನ್‌ಶಿಪ್‌ನಲ್ಲಿ ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ. ಅದಕ್ಕೆ ನೀರಿನ ಪೈಪು ಎಳೆದುಕೊಟ್ಟವರಿಗೆ. ಅಂದು ನಾನು ಕೇಳಿದಾಗ ತಾವು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ಸ್ಪ್ಯಾನರ್ ಒರೆಸುತ್ತಾ ನಿಂತಿದ್ದಿರಿ. ನಾನು ಅಂದೇ ಮಾತು ಬಿಟ್ಟೆ.

ಈಗ ನನ್ನ ಮನೆಯ ನಂಬರಿನ ಫೈಲು ತಮ್ಮ ಹತ್ತಿರದಿಂದ ಹೊರಬಿದ್ದಿದೆ. ತಾರೀಖು ನೋಡಿದರೆ ಜುಲೈ ೨೦೦೭ ಎಂದಿದೆ. ತೆರೆದರೆ ಅಕ್ಷರ ಕೆಟ್ಟಿದೆ.

ಪುಸ್ತಕ ಜನವರಿ ಹದಿನೈದಕ್ಕೆ ಚಿಕ್ಕಮಗಳೂರಿನ ಪ್ರೆಸ್ಸಿಗೆ ಹೋಗಬೇಕು. ಫೆಬ್ರವರಿ ಎಂಟರಂದು ಹಳೆಯ ಟೌನ್‌ಶಿಪ್‌ನವರೆಲ್ಲ ಸೇರುತ್ತಾರೆ, ಅಂದು ಮುನ್ನೂರು ಪ್ರತಿ ಹಂಚುವುದು. ಕೊನೆಯ ಅಧ್ಯಾಯದಲ್ಲಿ ಅರ್ಜಿ ಹಾಕಿದವರ ಹೆಸರು ಬರಬೇಕಾದಲ್ಲಿ ಚುಕ್ಕೆ ಇಟ್ಟಿದ್ದೇನೆ. ಆ ಫೈಲಿನಲ್ಲಿ ಏನಿದೆ ಎಂದು ತಾವೇ ಹೇಳಿದರೆ ಚುಕ್ಕೆ ಹಾಗೇ ಇರಬಹುದು.

ಇತಿ,
ಜನಾರ್ದನ


ಗೋಣಿಬೀಡು
೫ ಡಿಸೆಂಬರ್ ೨೦೨೫

ಮೇಷ್ಟ್ರೇ, ಸಲಾಂ.

ತಡವಾಯಿತು. ಹಣ್ಣು ಕೊಯ್ಲಿನ ಕಾಲ, ದಿನಕ್ಕೆ ನಾಲ್ಕು ಎಸ್ಟೇಟಿನಿಂದ ಪಲ್ಪರ್ ನಿಂತಿತು ಎಂದು ಫೋನು ಬರುತ್ತದೆ. ಮೊದಲು ನನ್ನನ್ನು ತಾವು ಎನ್ನುವುದು ಬಿಡಿ. ನೀವು ತಾವು ಎಂದಾಗಲೆಲ್ಲ ನನಗೆ ಕೋರ್ಟಿನ ಸಮನ್ಸ್ ಓದಿದ ಹಾಗೆ ಆಗುತ್ತದೆ.

ಹೊಸ ಸಿಸ್ಟಮ್‌ನಿಂದ ಸುಖಪಟ್ಟವನು ನಾನೂ ಅಲ್ಲ. ಎಂಟು ವರ್ಷದಿಂದ ಯಾವ ಎಸ್ಟೇಟಿನ ಪಲ್ಪರಿಗೆ ಯಾವ ಸೈಜಿನ ಬುಷ್ ಹಾಕಿದೆ ಎಂದು ಬರೆದಿಟ್ಟಿದ್ದೆ. ಸೀಸನ್ ಶುರುವಾದ ದಿನವೇ ಅದು ಎಲ್ಲೋ ಮೋಡದೊಳಗೆ ಹೋಯಿತು ಎಂದಿತು. ಇಂಟರ್‌ನೆಟ್ ಇದ್ದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುತ್ತದೆ. ಗೋಣಿಬೀಡಿನಲ್ಲಿ ಇಂಟರ್‌ನೆಟ್ ಇರುವುದು ಗಾಳಿ ಬೀಸದ ದಿನ. ನನ್ನ ಸಾಮಾನು ನನಗೆ ಕೊಡಲು ಅದು ಸತಾಯಿಸುತ್ತಿದೆ, ನಿಮ್ಮದನ್ನು ಮಾತ್ರ ಕೇಳದೆ ತಂದು ಹಾಕಿದೆ.

ಓದಿದೆ, ಸುಳ್ಳು ಹೇಳುವುದಿಲ್ಲ. ಹಳೆಯ ಫಾಂಟ್ ನನ್ನಲ್ಲಿ ಉಳಿದಿದೆ, ಎಲ್ಲ ಪುಟವೂ ಸ್ವಚ್ಛವಾಗಿ ಕಾಣಿಸುತ್ತದೆ. ಪುಸ್ತಕ ಚೆನ್ನಾಗಿದೆ. ಲಕ್ಯಾ ಡ್ಯಾಮಿನ ಮೇಲಿನ ಮಂಜಿನ ಬಗ್ಗೆ ಬರೆದದ್ದನ್ನು ನನ್ನ ಹೆಂಡತಿ ರೌಶನ್ ಬೀಗೆ ಓದಿ ಹೇಳಿದೆ. ಅವಳು ಕೇಳಿದಳು, "ನಮ್ದು ಎಲ್ ಬರ್ತದೆ?" ಹುಡುಕಿದೆ. ನೂರಾ ಹನ್ನೆರಡು ಪುಟದಲ್ಲಿ ನನ್ನ ಹೆಸರಿಲ್ಲ. "ಒಬ್ಬ ಮೆಕ್ಯಾನಿಕ್" ಎಂದು ಏಳು ಕಡೆ ಇದೆ. ಮಾಲವಿಕಾ ಹುಟ್ಟಿದ ದಿನ ಅಂಬುಜಕ್ಕನನ್ನು ಕಾರ್ಕಳಕ್ಕೆ ಕರೆದುಕೊಂಡು ಹೋದ ಜೀಪನ್ನು ಓಡಿಸಿದ್ದೂ "ಒಬ್ಬ ಮೆಕ್ಯಾನಿಕ್". ಮೇಷ್ಟ್ರೇ, ಆವತ್ತು ಮೂರನೇ ಗೇರು ಬೀಳುತ್ತಿರಲಿಲ್ಲ. ಘಾಟಿ ಇಡೀ ಎರಡನೇ ಗೇರಿನಲ್ಲಿ ಇಳಿಸಿದೆ. ನೀವು ಹಿಂದಿನ ಸೀಟಿನಲ್ಲಿ ವಿಷ್ಣು ಸಹಸ್ರನಾಮ ತಪ್ಪು ತಪ್ಪು ಹೇಳುತ್ತಿದ್ದಿರಿ. ಅದನ್ನಾದರೂ ಬರೆಯಬಹುದಿತ್ತು.

ನನಗೆ ಬೇಸರವಾಗಿದೆ. ಸಂಶಯ ನಿಮ್ಮ ಹುಟ್ಟುಗುಣ, ಹಾಲಿನವನು ನೀರು ಹಾಕಿದನೋ ಎಂದು ನಿಮ್ಮ ಶಾಲೆಯ ಲ್ಯಾಬಿನಿಂದ ಗಾಜಿನ ಕೊಳವೆ ತಂದವರು ನೀವು. ಅದು ನನಗೆ ಹೊಸದಲ್ಲ. ಆದರೆ ಹೆಸರೇ ಇಲ್ಲದಂತೆ ಮಾಡುತ್ತೀರಿ ಎಂದು ಅಂದುಕೊಂಡಿರಲಿಲ್ಲ.

ಈ ಲಕೋಟೆಯಲ್ಲಿ ಒಂದು ಪೆನ್‌ಡ್ರೈವ್ ಇದೆ. ಅದರೊಳಗೆ ಹಳೆಯ ಫಾಂಟ್ ಇದೆ, ಎರಡು ಸಲ ಒತ್ತಿದರೆ ಕೂತುಕೊಳ್ಳುತ್ತದೆ. ಆಮೇಲೆ ನಿಮ್ಮ ಪುಸ್ತಕ ನೀವು ಓದಬಹುದು. ಸಿ-೪೭ ಕೂಡ ಓದಬಹುದು. ನಾನು ಅದನ್ನು ಇಲ್ಲಿಂದ ಅಳಿಸಿದರೆ ನಿಮ್ಮಲ್ಲೂ ಹೋಗುತ್ತದೆ ಎಂದು ಜುಬೇರ್ ಹೇಳಿದ. ಅಳಿಸಿಲ್ಲ. ಅದನ್ನು ತೆರೆಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ನನಗೋಸ್ಕರ ಅಲ್ಲ. ಆಮೇಲೆ ನಿಮ್ಮಿಷ್ಟ.

ಯಾಕೂಬ್


ಕಳಸ
೧೯ ಡಿಸೆಂಬರ್ ೨೦೨೫

ಶ್ರೀ ಯಾಕೂಬ್ ಅವರಿಗೆ,

ತೆರೆದೆ.

ತೆರೆಯಬೇಡಿ ಎಂದು ಬರೆದು ಬೀಗದ ಕೈಯನ್ನೂ ಕಳಿಸುವವರನ್ನು ನಾನು ಇದೇ ಮೊದಲು ನೋಡಿದ್ದು. ಇದರಲ್ಲೂ ಏನೋ ಇದೆ ಎಂದು ಎರಡು ದಿನ ಪೆನ್‌ಡ್ರೈವ್ ಮುಟ್ಟಲಿಲ್ಲ. ಮೂರನೇ ದಿನ ಹಾಕಿದೆ. ಪುಸ್ತಕ ಸರಿಹೋಯಿತು. ಕೃತಜ್ಞತೆ ಹೇಳಬೇಕಾಗಿತ್ತು, ಅಷ್ಟರಲ್ಲಿ ಸಿ-೪೭ ಕೂಡ ಸರಿಹೋಯಿತು. ತಮ್ಮ ಅಕ್ಷರ ತಮಗೆ ಮರೆತಿರಬಹುದು, ಇಲ್ಲಿ ಇಳಿಸುತ್ತೇನೆ:

"ಮಾನ್ಯರೆ, ಸಿ-೪೭ರ ನಿವಾಸಿಗೆ ಕಳಸದಲ್ಲಿ ಸ್ವಂತ ಮನೆ ಇರುತ್ತದೆ. ಸದರಿ ಸಾಲಿನ ಉಳಿದ ಮನೆಗಳೆಲ್ಲ ಖಾಲಿಯಾಗಿದ್ದು, ಕಿಟಕಿ ಬಾಗಿಲು ಕಿತ್ತು ಒಯ್ಯುವವರು ಹಾಡಹಗಲೇ ಬಂದು ಹೋಗುತ್ತಿರುತ್ತಾರೆ. ಸದರಿ ಮನೆಯ ಹಿತ್ತಿಲ ಬಾಗಿಲಿನ ಚಿಲಕ ಮುರಿದು ಎರಡು ತಿಂಗಳಾಗಿರುತ್ತದೆ. ಹಗಲು ಮನೆಯಲ್ಲಿ ಹೆಂಗಸೊಬ್ಬರೇ ಇರುತ್ತಾರೆ. ಆದಷ್ಟು ಬೇಗ ಖಾಲಿ ಮಾಡಿಸಬೇಕಾಗಿ ವಿನಂತಿ. ಇಂತಿ, ಹಿತೈಷಿ."

ಹಿತೈಷಿಯಂತೆ. ಬೆನ್ನಿಗೆ ಚೂರಿ ಹಾಕುವವರು ಮೊದಲು ಬೆನ್ನು ಸವರುತ್ತಾರೆ ಎಂದು ನಮ್ಮಜ್ಜಿ ಹೇಳುತ್ತಿದ್ದಳು.

ಹದಿನೆಂಟು ವರ್ಷ ನನ್ನೊಳಗೆ ಒಂದು ಮೂಲೆ ತಮ್ಮ ಪರವಾಗಿ ವಾದಿಸುತ್ತಿತ್ತು. ಯಾಕೂಬ್ ಆಗಿರಲಿಕ್ಕಿಲ್ಲ, ಬೇರೆ ಯಾರೋ ಇರಬೇಕು ಎನ್ನುತ್ತಿತ್ತು. ಆ ಮೂಲೆ ಈಗ ಬಾಯಿ ಮುಚ್ಚಿದೆ. ಇದರಿಂದ ನನಗೆ ಸಂತೋಷವಾಗಬೇಕಿತ್ತು, ಆಗಿಲ್ಲ. ಊಟ ಸೇರುತ್ತಿಲ್ಲ.

ಇನ್ನೊಂದನ್ನು ಕೇಳದೆ ಬಿಡಲಾರೆ. ಹಿತ್ತಿಲ ಬಾಗಿಲಿನ ಚಿಲಕ ಮುರಿದಿದ್ದದ್ದು ನನಗೇ ಗೊತ್ತಿರಲಿಲ್ಲ. ಆಗ ತಾವು ಗೋಣಿಬೀಡಿಗೆ ಹೋಗಿ ವರ್ಷವಾಗಿತ್ತು, ನೀರಿನ ಪಂಪ್ ನೋಡಲು ವಾರಕ್ಕೊಂದು ದಿನ ಬರುತ್ತಿದ್ದಿರಿ ಅಷ್ಟೆ. ನಾನು ಶಾಲೆಯಲ್ಲಿರುವ ಹೊತ್ತಿನಲ್ಲಿ ನನ್ನ ಹಿತ್ತಿಲಿಗೆ ತಮಗೇನು ಕೆಲಸ? ಇದಕ್ಕೆ ಉತ್ತರ ಬೇಕು. ಉತ್ತರ ಬಂದರೂ ಬರದಿದ್ದರೂ ಚುಕ್ಕೆ ಇದ್ದಲ್ಲಿ ತಮ್ಮ ಹೆಸರು ಬರುತ್ತದೆ.

ಜನಾರ್ದನ


ಗೋಣಿಬೀಡು
೨೭ ಡಿಸೆಂಬರ್ ೨೦೨೫

ಮೇಷ್ಟ್ರೇ,

ಬರೆದದ್ದು ನಾನೇ. ಸ್ಟೋರ್ಸಿನ ಕಂಪ್ಯೂಟರಿನಲ್ಲಿ ಟೈಪ್ ಮಾಡಿದೆ. ಹೊರಗೆ ಹೋದ ಪ್ರತಿ ಕಾಗದಕ್ಕೂ ಒಂದು ಕಾಪಿ ಇಡುವುದು ಸ್ಟೋರ್ಸಿನವರ ಅಭ್ಯಾಸ. ಅದೇ ಅಭ್ಯಾಸದಲ್ಲಿ ನಾನೂ ಒಂದು ಕಾಪಿ ಫ್ಲಾಪಿಗೆ ಹಾಕಿ ಮನೆಗೆ ತಂದಿದ್ದೆ, ಅದಕ್ಕೇ ಉಳಿದುಕೊಂಡಿದೆ. ಮೂಗರ್ಜಿಗೂ ಕಾಪಿ ಇಟ್ಟ ಪೆದ್ದ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಹೆಸರು ಹಾಕಿ. ನಾವು ಫೆಬ್ರವರಿ ಎಂಟಕ್ಕೆ ಬರುವುದಿಲ್ಲ. ರೌಶನ್ ಬೀ ಅವತ್ತಿಗೆಂದು ಸೀರೆ ತೆಗೆದಿಟ್ಟಿದ್ದಾಳೆ, ಅವಳಿಗೆ ಇನ್ನೂ ಹೇಳಿಲ್ಲ.

ಚಿಲಕದ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಕೆಟ್ಟದ್ದನ್ನು ಯೋಚಿಸಬೇಡಿ, ಅಷ್ಟು ಮಾತ್ರ ಹೇಳುತ್ತೇನೆ. ನನ್ನ ಬಗ್ಗೆ ಏನು ಬೇಕಾದರೂ ಯೋಚಿಸಿ.

ಯಾಕೂಬ್


ಕಳಸ, ಮನೆಯಲ್ಲೇ
೩ ಜನವರಿ ೨೦೨೬

ಇವರಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದು ನಗುವ ವಿಷಯವೇ. ಆದರೆ ನೀವು ಬರೆದದ್ದನ್ನು ಮಾತ್ರ ನಂಬುವವರು. ಇದನ್ನು ಕೀಬೋರ್ಡಿನ ಮೇಲೆ ಇಟ್ಟು ನಾನು ದೇವಸ್ಥಾನಕ್ಕೆ ಹೋಗುತ್ತಿದ್ದೇನೆ. ಬರುವಷ್ಟರಲ್ಲಿ ಓದಿ ಮುಗಿಸಿರಿ.

ಯಾಕೂಬ್‌ರ ಕೊನೆಯ ಕಾಗದ ಮೇಜಿನ ಮೇಲಿತ್ತು. ನಾನೂ ಓದಿದೆ. ಇನ್ನು ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

ಆ ಅರ್ಜಿ ಬರೆಸಿದ್ದು ನಾನು.

ಹೋದ ತಿಂಗಳು ಊಟಕ್ಕೆ ಕೂತು ನೀವು ಅದನ್ನು ಗಟ್ಟಿಯಾಗಿ ಓದಿದಿರಿ. "ಹೆಂಗಸೊಬ್ಬರೇ ಇರುತ್ತಾರೆ" ಎಂಬಲ್ಲಿಗೆ ಬಂದಾಗ ತಲೆಯೆತ್ತಿ ನನ್ನ ಕಡೆ ನೋಡಬಹುದು ಎಂದುಕೊಂಡೆ. ನೋಡಲಿಲ್ಲ, ಮಜ್ಜಿಗೆ ಕೇಳಿದಿರಿ. ಅರ್ಜಿಯಲ್ಲಿದ್ದ ಹೆಂಗಸು ಯಾರೆಂದು ನಿಮಗೆ ಆವಾಗಲೂ ಹೊಳೆದಿಲ್ಲ.

ನಮ್ಮ ಸಾಲಿನಲ್ಲಿ ಕೊನೆಗೆ ಉಳಿದದ್ದು ನಮ್ಮ ಮನೆ ಒಂದೇ. ಮಾಲವಿಕಾ ಮಂಗಳೂರಿನ ಹಾಸ್ಟೆಲ್‌ನಲ್ಲಿದ್ದಳು. ನಿಮ್ಮ ತರಗತಿಯಲ್ಲಿ ಒಂಬತ್ತು ಮಕ್ಕಳಿದ್ದರು. ಅವರಿಗಾಗಿ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದಿರಿ. ಕಳಸದಿಂದ ಬಸ್ಸಿನಲ್ಲಿ ಹೋಗಿ ಬನ್ನಿ, ಅಲ್ಲಿ ನಮ್ಮದೇ ಮನೆ ಇದೆಯಲ್ಲ ಎಂದು ಎಷ್ಟು ಸಲ ಹೇಳಿದೆನೋ. "ನೋಡುವ" ಎನ್ನುತ್ತಿದ್ದಿರಿ. ಖಾಲಿ ಊರಿನ ರಸ್ತೆಗಳಲ್ಲಿ ಒಬ್ಬರೇ ನಡೆದಾಡುವುದು ನಿಮಗೆ ಚೆನ್ನಾಗಿತ್ತು. ಆ ನಡಿಗೆಗೆ ನಾಲ್ಕು ಪುಟ ಇಟ್ಟಿದ್ದೀರಿ.

ಜೂನ್ ಮೊದಲ ವಾರ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದೆ. ಹಿಂದಿನಿಂದ ಬಾಗಿಲು ಸಿಡಿದ ಸದ್ದಾಯಿತು. ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಇಬ್ಬರು ಗಂಡಸರು, ಕೈಯಲ್ಲಿ ಹಾರೆ. ಒಬ್ಬ ಹೇಳಿದ, "ಯಾರೂ ಇಲ್ಲ ಅಂದ್ಕೊಂಡ್ವಿ." ಇನ್ನೊಬ್ಬ ನನ್ನನ್ನೇ ನೋಡುತ್ತಾ ನಿಂತಿದ್ದ. ಆಮೇಲೆ ಹೋದರು. ಸಂಜೆ ನಿಮಗೆ ಹೇಳಿದೆ. "ನೀರು ಕೇಳ್ಲಿಕ್ಕೆ ಬಂದಿರ್ಬೇಕು, ಎಂತಕ್ಕೆ ಹೆದರ್ತೀಯ" ಎಂದು ಪತ್ರಿಕೆ ಬಿಡಿಸಿಕೊಂಡಿರಿ. ಚಿಲಕದ ವಿಷಯವನ್ನೂ ಹೇಳಿದ್ದೆ. ಗೊತ್ತೇ ಇರಲಿಲ್ಲ ಎಂದು ಈಗ ಬರೆದಿದ್ದೀರಿ. ಇರಲಿ. ಅಂದಿನಿಂದ ನೀವು ಹೋದ ಕೂಡಲೇ ಒರಳುಕಲ್ಲು ಉರುಳಿಸಿ ಬಾಗಿಲಿಗೆ ಒತ್ತಾಗಿ ಇಡುತ್ತಿದ್ದೆ. ನೀವು ಬರುವ ಹೊತ್ತಿಗೆ ಮತ್ತೆ ಪಕ್ಕಕ್ಕೆ.

ಹೆಚ್ಚುಕಡಿಮೆ ಎರಡು ತಿಂಗಳು ಕಳೆದ ಮೇಲೆ, ಜುಲೈ ಕೊನೆಗೆ, ಯಾಕೂಬ್ ಪಂಪ್ ನೋಡಲು ಬಂದವರು ಕುಡಿಯುವ ನೀರಿಗೆ ಹಿತ್ತಿಲ ಕಡೆ ಬಂದರು. ಬಾಗಿಲು ತೆರೆಯಲು ನನಗೆ ಹೊತ್ತು ಹಿಡಿಯಿತು. ಕಲ್ಲು ನೋಡಿ ಕೇಳಿದರು, "ಇದ್ಯಾಕಕ್ಕ ಇಲ್ಲಿದೆ?" ಅಷ್ಟೇ ಕೇಳಿದ್ದು. ನನಗೆ ಅಳು ಬಂತು. ಅವರು ಆಗಲೇ ಹೋಗಿ ಖಾಲಿ ಮನೆಯೊಂದರಿಂದ ಒಳ್ಳೆ ಚಿಲಕ ತಂದರು. ಬೇಡ ಎಂದೆ. ಚಿಲಕ ಹಾಕಿದರೆ ಇವರು ಇನ್ನೂ ಎರಡು ವರ್ಷ ಇಲ್ಲೇ ಇರುತ್ತಾರೆ, ನನ್ನನ್ನು ಇಲ್ಲಿಂದ ಬಿಡಿಸಿಕೊಡಿ ಎಂದೆ. ಅವರು ಒಪ್ಪಲಿಲ್ಲ, ಮೇಷ್ಟ್ರಿಗೆ ನಾನು ಹೇಳುತ್ತೇನೆ ಎಂದರು. ನೀವು ಹೇಳಿದರೂ ಇವರು ಕೇಳುವುದಿಲ್ಲ ಎಂದೆ. ಆಮೇಲೆ ಬರೆದರು. ನನ್ನ ಹೆಸರು ಎಂದೂ ಎತ್ತಬಾರದು ಎಂದು ನಾನೇ ಆಣೆ ಹಾಕಿಸಿಕೊಂಡೆ.

ನಿಮ್ಮ ಮುಂದೆ ನನ್ನದೂ ಒಂದು ತಪ್ಪು ಒಪ್ಪಬೇಕು. ಕಳಸಕ್ಕೆ ಬಂದಮೇಲೆ ಹೇಳಬಹುದಿತ್ತು. ನೀವು ಅವಮಾನದಿಂದ ಮಂಕಾಗಿದ್ದಿರಿ, ಸ್ವಲ್ಪ ದಿನ ಹೋಗಲಿ ಎಂದುಕೊಂಡೆ. ದಿನ ಹೋದಷ್ಟೂ ಹೇಳುವುದು ಕಷ್ಟವಾಯಿತು. ಅವರ ಮಗಳು ಅಲ್ಫಿಯಾಳ ಮದುವೆಯ ಕಾಗದವನ್ನು ನೀವು ತಿರುಗಿ ಕಳಿಸಿದ ದಿನವೂ ಬಾಯಿ ಬಿಡಲಿಲ್ಲ. ನನ್ನ ನೆಮ್ಮದಿಗಾಗಿ ಒಬ್ಬ ಒಳ್ಳೆಯ ಮನುಷ್ಯನನ್ನು ಹದಿನೆಂಟು ವರ್ಷ ನಿಮ್ಮ ಬೈಗುಳಕ್ಕೆ ಒಡ್ಡಿದೆ. ಅದಕ್ಕೆ ನನಗೆ ನಾಚಿಕೆಯಿದೆ. ಅರ್ಜಿ ಬರೆಸಿದ್ದಕ್ಕೆ ಇಲ್ಲ.

ಹೆಸರು ಹಾಕುವುದಾದರೆ ನನ್ನದು ಹಾಕಿ. ಇನ್ನೊಂದು ತಿದ್ದುಪಡಿಯೂ ಇದೆ. ನೂರಾ ಒಂಬತ್ತನೇ ಪುಟದಲ್ಲಿ, "ಬರಿದಾದ ಆ ಊರಿನಲ್ಲಿ ಕೊನೆಯವರೆಗೂ ನಾವಿಬ್ಬರು ಸುಖವಾಗಿದ್ದೆವು" ಎಂದು ಬರೆದಿದ್ದೀರಿ. ನಾವಿಬ್ಬರು ಅಲ್ಲ, ನೀವೊಬ್ಬರು.

ಅಂಬುಜಾ


ಕಳಸ
೨೬ ಜನವರಿ ೨೦೨೬

ಯಾಕೂಬ್,

ಅಂಬುಜಾ ಎಲ್ಲ ಹೇಳಿದಳು. ಹೇಳಿದಳು ಎಂದರೆ ಬರೆದಳು. ನೀನು ಇನ್ನು ಆಣೆ ಕಾಯಬೇಕಾಗಿಲ್ಲ.

ಸತ್ಯ ತಿಳಿದ ಕೂಡಲೇ ನನಗೆ ಪಶ್ಚಾತ್ತಾಪ ಆಯಿತು ಎಂದು ಬರೆದರೆ ಅದು ಸುಳ್ಳು. ಮೊದಲು ಬಂದದ್ದು ನಿನ್ನ ಮೇಲೆ ಸಿಟ್ಟು. ನನ್ನ ಹೆಂಡತಿಯ ಗುಟ್ಟು ನಿನಗೆ ಗೊತ್ತು, ನನಗೆ ಗೊತ್ತಿಲ್ಲ ಎಂದು. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೇ ದಿನ ಕೇಳಿದೆ, ಯಾಕೂಬ್‌ಗೆ ಹೇಳಿದವಳು ನನಗೆ ಯಾಕೆ ಹೇಳಲಿಲ್ಲ ಎಂದು. ಅವಳು ಹುಣಸೆಹಣ್ಣು ಬಿಡಿಸುತ್ತಾ, "ಮೊದ್ಲು ಹೇಳಿದ್ದು ನಿಮಗೇ ಅಲ್ವ" ಎಂದಳು. ಅಲ್ಲಿಗೆ ನನ್ನ ವಾದ ಮುಗಿಯಿತು.

ಚಿಲಕದ ಬಗ್ಗೆ ನಿನಗೆ ನಾನು ಬರೆದ ಸಾಲುಗಳು ಈಗ ನೆನಪಾದರೆ ಮೈ ಕುಗ್ಗುತ್ತದೆ. ಅಲ್ಫಿಯಾಳ ಮದುವೆಗೆ ಬರಲಿಲ್ಲ, ಕಾಗದ ತಿರುಗಿ ಕಳಿಸಿದೆ. ಹುಡುಗಿ ನನ್ನ ತೊಡೆಯ ಮೇಲೆ ಕೂತು ಅಕ್ಷರ ಕಲಿತವಳು. ತಪ್ಪಾಯಿತು ಮಾರಾಯ. ಕ್ಷಮಿಸು ಎಂದು ಹೇಳುವ ಮುಖವಿಲ್ಲ, ಆದರೂ ಹೇಳುತ್ತಿದ್ದೇನೆ.

"ಒಬ್ಬ ಮೆಕ್ಯಾನಿಕ್" ಇದ್ದ ಏಳು ಕಡೆಯೂ ನಿನ್ನ ಹೆಸರು ಹಾಕಿದ್ದೇನೆ. ಎರಡನೇ ಗೇರೂ ಸೇರಿದೆ, ಸಹಸ್ರನಾಮವೂ ಸೇರಿದೆ. ನಿನ್ನ ಪರದೆಯಲ್ಲಿ ಇಷ್ಟರಲ್ಲೇ ನೋಡಿರಬಹುದು. ಎರಡೂ ಯಂತ್ರಗಳನ್ನು ಬೇರೆ ಮಾಡಿಕೊಡಲು ಜುಬೇರ್ ಮನೆಗೇ ಬಂದಿದ್ದ. ಪುಸ್ತಕ ಮುಗಿಯುವತನಕ ಹೀಗೇ ಇರಲಿ ಎಂದೆ. ಪಾಪದ ಹುಡುಗ, ಅವನ ಮೇಲೂ ಸುಮ್ಮನೆ ಹರಿಹಾಯ್ದಿದ್ದೆ. ಆದರೆ ಯಂತ್ರ ಬೆಳಿಗ್ಗೆ ಬೆಳಿಗ್ಗೆ ಅವನನ್ನು ಸ್ವಾಗತಿಸುವುದನ್ನು ಮಾತ್ರ ಅವನಿಂದಲೇ ನಿಲ್ಲಿಸಿಕೊಂಡೆ.

ಹದಿನೈದನೇ ತಾರೀಖು ಕಳೆಯಿತು. ಪ್ರೆಸ್ಸಿಗೆ ಕೊಟ್ಟಿಲ್ಲ. ಫೆಬ್ರವರಿ ಎಂಟಕ್ಕೆ ಪುಸ್ತಕ ಇರುವುದಿಲ್ಲ, ಜನ ಇರುತ್ತಾರೆ. ನೀವಿಬ್ಬರೂ ಬರಬೇಕು. ರೌಶನ್ ಬೀಗೆ ನಾನೇ ಹೇಳಿದೆನೆಂದು ಹೇಳು.

ತಡವಾಗಿರುವುದು ಕೊನೆಯ ಅಧ್ಯಾಯಕ್ಕೆ. ನಾನು ಬರೆದದ್ದನ್ನು ತೆಗೆದುಹಾಕಿದೆ. ಆ ದಿನಗಳನ್ನು ಬರೆಯುವ ಹಕ್ಕು ನನಗಿಲ್ಲ ಎಂದು ಅಂಬುಜಾಳಿಗೆ ಹೇಳಿದೆ. "ನಂಗೆ ಟೈಪ್ ಮಾಡ್ಲಿಕ್ಕೆ ಎಲ್ ಬರ್ತದೆ" ಎಂದಳು. ಒಂದು ದಿನ ಕಲಿಸಿದೆ. ಒಂದೇ ಬೆರಳಲ್ಲಿ ಒತ್ತುತ್ತಾಳೆ. ಹೊಸ ಸಿಸ್ಟಮ್ ಬಗ್ಗೆ ಅವಳದ್ದು ಯಾವ ದೂರೂ ಇಲ್ಲ, ಹಳೆಯದನ್ನು ಅವಳು ಮುಟ್ಟಿದ್ದೇ ಇಲ್ಲವಲ್ಲ. ದಿನಾ ಊಟವಾದ ಮೇಲೆ ಒಂದು ಗಂಟೆ ಕೂರುತ್ತಾಳೆ. ನಾನು ಹತ್ತಿರ ಹೋದರೆ ಕೈ ನಿಲ್ಲಿಸುತ್ತಾಳೆ. ಆದ್ದರಿಂದ ಹೋಗುವುದಿಲ್ಲ, ಜಗಲಿಯಲ್ಲಿ ಕೂತು ಗುಂಡಿಯ ಸದ್ದು ಕೇಳುತ್ತೇನೆ. ಕೆಲವು ಸಲ ತುಂಬ ಹೊತ್ತು ಸದ್ದೇ ಇರುವುದಿಲ್ಲ. ಎದ್ದು ಹೋಗಿ ನೋಡಬೇಕು ಎನಿಸುತ್ತದೆ.

ಅವಳ ಫೈಲು ಡೆಸ್ಕ್‌ಟಾಪಿನ ಮೇಲೆಯೇ ಇದೆ. ಪಾಸ್‌ವರ್ಡ್ ಇಲ್ಲ. ನಿನಗೂ ಕಾಣುತ್ತಿರುತ್ತದೆ. ನೀನು ಓದಿದ್ದೀಯೋ ಇಲ್ಲವೋ ನಾನು ಕೇಳುವುದಿಲ್ಲ, ಓದಿದ್ದರೂ ಅದರಲ್ಲಿ ಏನಿದೆ ಎಂದು ನನಗೆ ಬರೆಯಬೇಡ. ನನ್ನ ಸ್ವಭಾವ ನಿನಗೆ ಗೊತ್ತು. ಅವಳು ಪೇಟೆಗೆ ಹೋದಾಗ ಎರಡು ಸಲ ಅದರ ಮುಂದೆ ಹೋಗಿ ಕೂತು ಎದ್ದು ಬಂದಿದ್ದೇನೆ. ಇವತ್ತಿಗೆ ಹನ್ನೊಂದು ದಿನ, ತೆರೆದಿಲ್ಲ. ಅವಳಾಗಿ ಓದಿ ಎಂದು ಕೊಟ್ಟರೆ ಓದುತ್ತೇನೆ. ಕೊಡದಿದ್ದರೆ ಓದದೆಯೇ ಅಚ್ಚಿಗೆ ಕಳಿಸುತ್ತೇನೆ.

ನಿನ್ನ,
ಜನಾರ್ದನ